ಹಂಗ ಯಾರೂ ಅನ್ನಂಗಿಲ್ಲ

ಗೋಕುಲ ರೋಡಿನ ವಾಲ್ವ್ ಕಾರ್ಖಾನಿಯೊಳಗ
ನಾ ಇಂಗ್ಲಿಷ್ ಬರಿಯಾಕ ಹತ್ತಿ ಹತ್ತೊಂಬತ್ತು ವರ್ಷಾತು.
ಪ್ಲೀಸ್ ಡೂ ದ ನೀಡ್‌ಫುಲ್ ಅಂತ ಮುಗಿಸಿದ ಪತ್ರ
ಎಷ್ಟು ಸಮುದ್ರ ದಾಟ್ಯಾವೋ, ಲೆಕ್ಕಿಲ್ಲ.
ಒಂದೂ ಮುಳುಗಿಲ್ಲ.
ವಾಲ್ವು ಹೋದುವು, ರೊಕ್ಕ ಬಂತು.

ಈ ಸಲ ತಪಾಸಣಿಗೆ ಬಂದಾಂವ ಟ್ರೆವರ್.
ಕೆಂಪು ಮೋತಿ, ಮೊಣಕೈತನಕ ಮಚ್ಚಿ,
ಇಂಗ್ಲಿಷಿನ್ಯಾಗ ಹುಟ್ಟಿ ಇಂಗ್ಲಿಷಿನ್ಯಾಗ ಅತ್ತು ಬೆಳದ ಮನಶ್ಯಾ.
ಧೈರ್ಯ ಮಾಡಿ ಫೈಲು ಮುಂದಿಟ್ಟೆ:
ನಿಮ್ಮ ಕಿವಿಗೆ ಇದು ಹೆಂಗ ಕೇಳತೈತಿ, ಖರೇ ಹೇಳ್ರಿ.

ಓದಿದ. ಕನ್ನಡಕದ ಕಾಲು ಕಚಗೊಂಡು ಮತ್ತ ಓದಿದ.
"ಡೂ ಒನ್ ಥಿಂಗ್ ಅಂತ ಬರದೀರಿ,
ಕೆಳಗ ನಾಲ್ಕು ಕೆಲಸಾ ಅದಾವಲ್ಲ?"
ಏನಂತ ಹೇಳಲಿ.
ಒಂದ ಕೆಲಸಾ ಮಾಡವಾ ಅಂತಿದ್ದ ನಮ್ಮಪ್ಪ,
ದೊಡ್ಡ ಮಾತು ಹೇಳೂ ಮೊದಲ
ಒಂದು ಪಾವಟಿಗಿ ಇಳದು ನಿಂತು.
ಒಂದು ಅನ್ನೋದು ಅಲ್ಲಿ ಎಣಿಕಿ ಅಲ್ಲ.

"ತಪ್ಪೇನಿಲ್ಲ" ಅಂದ ಕಡೀಕ.
"ಆದ್ರ ನಾವು ಹಂಗ ಅನ್ನಂಗಿಲ್ಲ."
ಯಾಕ ಅಂತ ಅಂವಗೂ ಗೊತ್ತಿರಲಿಲ್ಲ.
ಹೆಗಲು ಏರಿಸಿದ, ಇಳಿಸಿದ.
ನಮ್ಮ ಫಿಟ್ಟರ್ ಕಲ್ಮೇಶಿ ಎರಕದ ತುಂಡು ಬಡದು
ಕಿವಿ ಹಚ್ಚಿ ನಿಂತಂಗ:
ಅಳತಿ ಬರೋಬ್ಬರಿ, ಗೇಜಿಗೆ ಕೂಡತೈತಿ,
ಮ್ಯಾಲೆ ಒಂದು ಗೀರಿಲ್ಲ,
ಆದರೂ ನಾದ ಒಡದೈತಿ ಅಂತ ತಗದು ಬಾಜೂಕ ಇಡತಾನ.

ಆ ರಾತ್ರಿ ನಾ
ಬಾಜೂಕ ಇಟ್ಟ ತುಂಡಾಗಿ ಮಲಗಿದೆ.

ಮರುದಿನದಿಂದ ಅಂವ ಹೇಳಿದಂಗ ಬರದೆ.
ಸಣ್ಣ ಸಣ್ಣ ಪತ್ರ, ಫ್ರಿಜ್ಜಿನ್ಯಾಗಿಂದ ತಗದಂಗ ತಣ್ಣಗ.
ನೀಡ್‌ಫುಲ್ ಹೋತು, ಕೈಂಡ್ಲಿ ಹೋತು.
ಮೊಂಬಾಸಾದ ಗಿರಾಕಿ ನಾಕನೇ ದಿನಕ್ಕ ಕೇಳಿದ:
ಕುಬಸದ ಮೇಡಮ್ ನೌಕರಿ ಬಿಟ್ಟರೇನು?
ಇಲ್ಲಾ, ನನ್ನ ಮ್ಯಾಲೆ ಸಿಟ್ಟೇನು?

ಮಧ್ಯಾಹ್ನ ಗೇಟಿನ ಮುಂದ ಮಕ್ತುಮಸಾಬನ ಚಹಾದ ಗಾಡಿ.
ಪುಸ್ತಕಾ ನೋಡಿ ಕಲತ ಕನ್ನಡಾ ಟ್ರೆವರ್ ಹೊರಗ ತಗದ,
ಇಸ್ತ್ರಿ ಮುರೀದ ಅಂಗಿ ತಗದಂಗ:
"ದಯವಿಟ್ಟು ನನಗೆ ಒಂದು ಲೋಟ ಚಹಾವನ್ನು ಕೊಡುವಿರಾ?"
ಸೋಸೂ ಕೈ ಗಾಳಿಯೊಳಗ ನಿಂತಿತು.
ವೆಲ್ಡಿಂಗ್ ಹುಡುಗರು ನಗು ತಡೀಲಿಕ್ಕೆ ಬನ್ನು ಕಡದರು.
"ತಪ್ಪೇನಿಲ್ರಿ ಸಾಹೇಬ್ರ,
ಆದ್ರ ಹಂಗ ಯಾರೂ ಅನ್ನಂಗಿಲ್ಲ."
"ಮತ್ತೆ ಏನು ಅನ್ನುತ್ತಾರೆ?"
"ಏನೂ ಅನ್ನಂಗಿಲ್ರಿ. ಬಂದು ನಿಂದರತಾರ.
ನಾ ಕೊಡತೇನಿ."

ನಕ್ಕ ನಕ್ಕ, ಚಹಾ ತುಳುಕಿ ಬೂಟಿನ ಮ್ಯಾಲೆ ಬಿತ್ತು.
ತನ್ನೂರು ಕಲ್ಲಿದ್ದಲಿನ ಊರು,
ರಾಜಧಾನಿಯೊಳಗ ತಾ ಬಾಯಿ ತಗದರ
ಎಲ್ಲಾನೂ ಎರಡು ಸಲ ಹೇಳಸ್ತಾರ ಅಂದ.
ನನಗ ಮೈಸೂರ ಕಡೆಯ ನೆಗೆಣ್ಣಿ ನೆನಪಾದಳು,
ಪಂಕ್ತಿಯೊಳಗ ಉಪ್ಪು ನೀಡ್ರಿ ಅಂದದ್ದಕ್ಕ
"ಅಯ್ಯೋ, ಯಾಕ್ ಬೈತೀರಾ?" ಅಂದಾಕಿ.
ಆವತ್ತು ನನ್ನ ಕನ್ನಡಾ ನಾನ ಬಡದು ನೋಡಕೊಂಡಿದ್ದೆ,
ಎಲ್ಲಿ ಒಡದೈತಿ ಅಂತ.

ಹದಿನೈದನೇ ದಿನ
ವಿಮಾನದ ಹೊತ್ತಾಗಿ ಸೂಟಕೇಸ ಎಳಕೋಂತ
ಗಾಡಿ ಹಂತೇಕ ಬಂದ.
ಏನೂ ಅನ್ನಲಿಲ್ಲ.
ಬಂದು ನಿಂತ.
ಚಹಾ ಬಂತು.
ಕುಡದು, ಕಪ್ಪಿಟ್ಟು, ಕೈ ಮುಗದು
"ನಾನು ಹೋಗುತ್ತೇನೆ" ಅಂದ.

ಮಕ್ತುಮಸಾಬ ನಾಲಿಗಿ ಕಚಗೊಂಡ.
"ಹಂಗನಬಾರದ್ರಿ. ಬರ್ತೇನಿ ಅನ್ರಿ."
"ಆದರೆ ನಾನು ಹೋಗುತ್ತಿದ್ದೇನೆ."
"ಹೌದಲ್ರೀ,
ಅದಕ್ಕ."